ಫೋಟೋ ಅಲ್ಲ ದೊಡ್ಡಪ್ಪ, ಲೆಕ್ಕ!

ಕಳೆದ ವರ್ಷ ನಮ್ಮ ದೊಡ್ಡಪ್ಪ ಬಚ್ಚಲುಮನೆಯಲ್ಲಿ ಕಾಲು ಜಾರಿ ಬಿದ್ದರು. ಹಣೆ ಸ್ವಲ್ಪ ಊದಿತ್ತು ಅಷ್ಟೇ, ಅರಿಶಿನ ಹಚ್ಚಿಕೊಂಡು ಸುಮ್ಮನಾದರು. ಮೂರು ವಾರ ಕಳೆದ ಮೇಲೆ ಮಾತು ತೊದಲಲು ಶುರುವಾಯ್ತು, ಎಡಗಾಲು ಎಳೆಯತೊಡಗಿತು. ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿದ್ದು ಕೆಲವೇ ನಿಮಿಷ. ಬುರುಡೆಗೂ ಮಿದುಳಿಗೂ ನಡುವೆ ಬಾಳೆಹಣ್ಣಿನ ಆಕಾರದಲ್ಲಿ ನಿಂತಿದ್ದ ರಕ್ತವನ್ನು ಡಾಕ್ಟರು ಫಿಲ್ಮ್ ಮೇಲೆ ಬೆರಳಿಟ್ಟು ತೋರಿಸಿದರು. ಅದೇ ರಾತ್ರಿ ಎರಡು ಸಣ್ಣ ತೂತು ಕೊರೆದು ಅದನ್ನು ಹೊರತೆಗೆದರು. ಹತ್ತು ದಿನದಲ್ಲಿ ದೊಡ್ಡಪ್ಪ ಮನೆಗೆ ಬಂದು, ಕಾಫಿಗೆ ಸಕ್ಕರೆ ಕಡಿಮೆ ಅಂತ ದೊಡ್ಡಮ್ಮನ ಜೊತೆ ಜಗಳಕ್ಕೆ ನಿಂತಿದ್ದರು!

ಆಮೇಲೊಂದು ದಿನ ಆ ಫಿಲ್ಮನ್ನು ಕಿಟಕಿಗೆ ಹಿಡಿದು ಕೇಳಿದರು: "ಏನೋ ಇಂಜಿನಿಯರ್ರೇ, ಇದು ನನ್ನ ಮಿದುಳಿನ ಫೋಟೋನಾ?"

"ಫೋಟೋ ಅಲ್ಲ ದೊಡ್ಡಪ್ಪ, ಲೆಕ್ಕ" ಅಂದೆ. ಅವರು ನಂಬಲಿಲ್ಲ. ಅವರಿಗೆ ಹೇಳಲು ಹೋಗಿ ಅರ್ಧಕ್ಕೇ ನಿಂತದ್ದನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

1895ರಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದಾಗ ಮೂಳೆ ಕಾಣಿಸಿತು, ಮಿದುಳು ಕಾಣಿಸಲಿಲ್ಲ. ಗಟ್ಟಿ ಬುರುಡೆಯೊಳಗೆ ಮಿದುಳು, ಗಡ್ಡೆ, ನೀರು ಎಲ್ಲವೂ ಎಕ್ಸ್-ರೇಗೆ ಹೆಚ್ಚುಕಡಿಮೆ ಒಂದೇ. 1918ರಲ್ಲಿ ಅಮೆರಿಕದ ಬಾಲ್ಟಿಮೋರಿನ ಸರ್ಜನ್ ವಾಲ್ಟರ್ ಡ್ಯಾಂಡಿ ಒಂದು ದಾರಿ ಕಂಡುಕೊಂಡರು. ಬುರುಡೆಗೆ ತೂತು ಕೊರೆದು, ಮಿದುಳಿನ ಒಳಗಿನ ಕುಹರಗಳಲ್ಲಿರುವ ದ್ರವ ತೆಗೆದು ಗಾಳಿ ತುಂಬುವುದು! ಗಾಳಿ ಎಕ್ಸ್-ರೇಯಲ್ಲಿ ಕಪ್ಪಾಗಿ ಕಾಣುತ್ತದೆ. ಕುಹರ ಒಂದು ಪಕ್ಕಕ್ಕೆ ವಾಲಿದ್ದರೆ ಗಡ್ಡೆ ಅದರ ಎದುರು ಪಕ್ಕದಲ್ಲಿದೆ ಅಂತ ಊಹೆ. ಮರುವರ್ಷ ಬೆನ್ನಿನ ಕೆಳಭಾಗದಿಂದ ಸೂಜಿ ಹಾಕಿ ಗಾಳಿ ಕಳಿಸುವ ವಿಧಾನವನ್ನೂ ವಿವರಿಸಿದರು. ರೋಗಿಗೆ ತಡೆಯಲಾಗದ ತಲೆನೋವು, ವಾಂತಿ. ಹಾಗಿದ್ದೂ 1970ರ ದಶಕದವರೆಗೆ ಇದು ನಡೆಯಿತು. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೊನಿಜ್ ಕತ್ತಿನ ರಕ್ತನಾಳಕ್ಕೆ ಬಣ್ಣದ್ರವ ಚುಚ್ಚಿ ಮಿದುಳಿನ ರಕ್ತನಾಳಗಳ ಚಿತ್ರ ತೆಗೆದರು. ಅಲ್ಲೂ ಕಾಣುತ್ತಿದ್ದದ್ದು ನಾಳಗಳು, ಮಿದುಳಲ್ಲ. ದೊಡ್ಡಪ್ಪ ಐವತ್ತು-ಅರವತ್ತು ವರ್ಷ ಮೊದಲು ಹೀಗೆ ಬಿದ್ದಿದ್ದರೆ, ಬರೀ ನೋಡುವುದಕ್ಕೇ ಅಂದಾಜಿನ ಮೇಲೆ ತೂತು ಕೊರೆಯುವ ಸಂಭವವಿತ್ತು.

ಈ ಗೋಡೆ ಒಡೆದವರು ಡಾಕ್ಟರಲ್ಲ, ಒಬ್ಬ ಇಂಜಿನಿಯರ್. ಇಂಗ್ಲೆಂಡಿನ ಇಎಂಐ ಕಂಪನಿಯ ಗಾಡ್‌ಫ್ರೀ ಹೌನ್ಸ್‌ಫೀಲ್ಡ್. (ಬೀಟಲ್ಸ್ ರೆಕಾರ್ಡುಗಳನ್ನು ಹೊರತಂದ ಅದೇ ಇಎಂಐ. ಆದರೆ ಬೀಟಲ್ಸ್ ದುಡ್ಡಿನಿಂದಲೇ ಸ್ಕ್ಯಾನರ್ ಆಯಿತು ಅನ್ನುವ ಕಥೆ ಅಷ್ಟು ಸರಿಯಲ್ಲ, ಬ್ರಿಟನ್ನಿನ ಆರೋಗ್ಯ ಇಲಾಖೆಯ ಹಣವೇ ಅದರಲ್ಲಿ ಹೆಚ್ಚು.) ಯೂನಿವರ್ಸಿಟಿ ಡಿಗ್ರಿ ಇಲ್ಲದ ಈ ಮನುಷ್ಯ ಮೊದಲು ರೇಡಾರ್ ಕೆಲಸ ಮಾಡಿ, ಆಮೇಲೆ ಕಂಪ್ಯೂಟರ್ ಕಟ್ಟಿದವರು. 1967ರಲ್ಲಿ ಅವರಿಗೆ ಹೊಳೆದದ್ದು ಇಷ್ಟು: ಒಂದೇ ಕಡೆಯಿಂದ ನೋಡಿದರೆ ಎಲ್ಲ ಒಂದರ ಮೇಲೊಂದು ಬೀಳುತ್ತದೆ, ಸುತ್ತಲೂ ಎಲ್ಲ ಕೋನಗಳಿಂದ ಅಳೆದರೆ, ಒಳಗೆ ಎಲ್ಲಿ ಏನಿದೆ ಅಂತ ಲೆಕ್ಕ ಹಾಕಬಹುದು.

ಪೇಪರಿನಲ್ಲಿ ಬರುವ ಅಂಕಿಗಳ ಚೌಕದಾಟ ನೆನಪಿಸಿಕೊಳ್ಳಿ. ಅಡ್ಡಸಾಲು, ಕಂಬಸಾಲು, ಓರೆಸಾಲುಗಳ ಮೊತ್ತ ಮಾತ್ರ ಕೊಟ್ಟಿದ್ದಾರೆ, ಮನೆಯೊಳಗಿನ ಅಂಕಿ ನೀವು ಹುಡುಕಬೇಕು. ಪ್ರತಿ ಎಕ್ಸ್-ರೇ ಗೆರೆಯೂ ಅಂಥ ಒಂದು ಮೊತ್ತ. ಹೌನ್ಸ್‌ಫೀಲ್ಡರ ಮೊದಲ ಮೆಷೀನು 180 ಕೋನಗಳಿಂದ, ಪ್ರತಿ ಕೋನಕ್ಕೆ 160ರಂತೆ, ಒಟ್ಟು 28,800 ಅಳತೆ ತೆಗೆದು 80x80 ಪಿಕ್ಸೆಲ್ ಚಿತ್ರ ಕೊಡುತ್ತಿತ್ತು. ಅದಕ್ಕೂ ಮುಂಚಿನ ಲ್ಯಾಬ್ ಪ್ರಯೋಗದಲ್ಲಿ ಒಂದು ಚಿತ್ರದ ಅಳತೆಗೇ ಒಂಬತ್ತು ದಿನ ಹಿಡಿದಿತ್ತಂತೆ. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಆಟ್ಕಿನ್‌ಸನ್ ಮಾರ್ಲೀಸ್ ಆಸ್ಪತ್ರೆಯಲ್ಲಿ ಡಾ. ಜೇಮ್ಸ್ ಆಂಬ್ರೋಸ್ ಜೊತೆಗೂಡಿ ಮೊದಲ ರೋಗಿಯ ಸ್ಕ್ಯಾನ್ ಮಾಡಿದರು. ಮಿದುಳಿನ ಮುಂಭಾಗದ ಗಡ್ಡೆ ಚಿತ್ರದಲ್ಲಿ ನಿಚ್ಚಳವಾಗಿ ಕಾಣಿಸಿತು.

ಇದೇ ಲೆಕ್ಕವನ್ನು ದಕ್ಷಿಣ ಆಫ್ರಿಕಾ ಮೂಲದ ಅಲನ್ ಕಾರ್ಮ್ಯಾಕ್ 1963-64ರಲ್ಲೇ ಪ್ರಕಟಿಸಿದ್ದರು, ಕೇಳುವವರಿರಲಿಲ್ಲ. ಅದರ ಗಣಿತವನ್ನು 1917ರಲ್ಲೇ ಯೋಹಾನ್ ರಾಡಾನ್ ಬರೆದಿಟ್ಟಿದ್ದರು, ಅದು ಕಾರ್ಮ್ಯಾಕ್‌ಗೂ ಗೊತ್ತಿರಲಿಲ್ಲ! 1979ರ ವೈದ್ಯಕೀಯ ನೊಬೆಲ್ ಕಾರ್ಮ್ಯಾಕ್-ಹೌನ್ಸ್‌ಫೀಲ್ಡ್ ಇಬ್ಬರಿಗೂ ಸಿಕ್ಕಿತು. ಇಬ್ಬರಿಗೂ ಪಿಎಚ್.ಡಿ. ಇರಲಿಲ್ಲ.

ಈಗ ನನ್ನ ಪೆದ್ದುತನದ ಕಥೆ. ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ನಾವು ಮ್ಯಾಟ್‌ಲ್ಯಾಬ್‌ನಲ್ಲಿ ಈ ಲೆಕ್ಕವನ್ನೇ ಮಾಡಿದ್ದೆವು. ಅಳತೆಗಳನ್ನು ಬಂದ ದಾರಿಯಲ್ಲೇ ವಾಪಸ್ ಹರಡಿದರೆ ಚಿತ್ರ ಬರುತ್ತದೆ, ಆದರೆ ಮಸುಕು ಮಸುಕು. ಹರಡುವ ಮುಂಚೆ ಒಂದು ಫಿಲ್ಟರ್ ಹಾಕಿದರೆ ಅಂಚುಗಳು ಚೂಪಾಗುತ್ತವೆ. ಅಲ್ಲಿ ನಾವೇನೂ ಹೇಳದಿದ್ದರೂ ತಾನಾಗಿ ಬರುವ ಫಿಲ್ಟರಿನ ಹೆಸರು 'ರಾಮ್-ಲ್ಯಾಕ್'. ಯಾರೋ ಜರ್ಮನಿಯವರಿರಬೇಕು ಅಂದುಕೊಂಡು ವೈವಾ ಮುಗಿಸಿದ್ದೆ. ವರ್ಷಗಳ ಮೇಲೆ ಗೊತ್ತಾಯಿತು, ರಾಮ್ ಅಂದರೆ ಜಿ. ಎನ್. ರಾಮಚಂದ್ರನ್, ಲ್ಯಾಕ್ ಅಂದರೆ ಎ. ವಿ. ಲಕ್ಷ್ಮೀನಾರಾಯಣನ್. 1971ರಲ್ಲಿ ಅವರು ಈ ಪ್ರಬಂಧ ಪ್ರಕಟಿಸಿದಾಗ ಕೊಟ್ಟ ವಿಳಾಸಗಳಲ್ಲಿ ಒಂದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್! ಇಂಥದೇ ವಿಧಾನವನ್ನು ರೇಡಿಯೋ ಖಗೋಳಶಾಸ್ತ್ರಕ್ಕಾಗಿ ಬ್ರೇಸ್‌ವೆಲ್ 1967ರಲ್ಲೇ ಬರೆದಿದ್ದರು, ಹಾಗಾಗಿ ನಾವೇ ಮೊದಲು ಅಂತ ಎದೆ ತಟ್ಟಿಕೊಳ್ಳುವುದು ಬೇಡ. ಆದರೆ ಮಲ್ಲೇಶ್ವರಕ್ಕೆ ಹೋಗುವಾಗ ನೂರು ಸಲ ಆ ಗೇಟಿನ ಮುಂದೆ ಹಾದವನಿಗೆ ಇದು ಗೊತ್ತಿರಲಿಲ್ಲವಲ್ಲ ಅಂತ ನಾಚಿಕೆಯಾಯಿತು.

ಲೆಕ್ಕವೇ ಚಿತ್ರವಾಗುವುದರಲ್ಲಿ ಒಂದು ಅಪಾಯವೂ ಇದೆ. 1990ರಲ್ಲಿ ಸೇಜಿ ಒಗಾವ, ರಕ್ತದಲ್ಲಿ ಆಮ್ಲಜನಕ ಹೆಚ್ಚುಕಮ್ಮಿಯಾದಾಗ ಎಂಆರ್‌ಐ ಸಂಕೇತ ಬದಲಾಗುವುದನ್ನು ಇಲಿಗಳಲ್ಲಿ ತೋರಿಸಿದರು. 1992ರಿಂದ ಮನುಷ್ಯರ ಮೇಲೂ ಪ್ರಯೋಗ ಬಂದವು. 'ಪ್ರೀತಿಸುವಾಗ ಮಿದುಳಿನ ಈ ಭಾಗ ಬೆಳಗುತ್ತದೆ' ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದು ಇದೇ ಎಫ್‌ಎಂಆರ್‌ಐ. ಅಲ್ಲಿ ಏನೂ ಬೆಳಗುವುದಿಲ್ಲ! ಆ ಕೆಂಪು-ಹಳದಿ ಬಣ್ಣ ಅಂಕಿಅಂಶದ ಫಲಿತಾಂಶ. 2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಗೆಳೆಯರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರಿನಲ್ಲಿಟ್ಟು ಅದಕ್ಕೆ ಮನುಷ್ಯರ ಫೋಟೋ ತೋರಿಸಿದರು. ಸತ್ತ ಮೀನಿನ ಮಿದುಳಿನಲ್ಲೂ ಕೆಂಪು ಚುಕ್ಕೆ ಮೂಡಿತು! ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸಿದರೆ ಕೆಲವು ಆಕಸ್ಮಿಕವಾಗಿಯೇ ಪಾಸಾಗುತ್ತವೆ. ಅದಕ್ಕೆ ತಕ್ಕ ತಿದ್ದುಪಡಿ ಹಾಕಿದ ಕೂಡಲೇ ಚುಕ್ಕೆ ಮಾಯ. ಅವರಿಗೆ 2012ರಲ್ಲಿ ಇಗ್-ನೊಬೆಲ್ ಸಿಕ್ಕಿತು.

ದೊಡ್ಡಪ್ಪನಿಗೆ ಮೀನಿನ ಕಥೆ ತುಂಬಾ ಹಿಡಿಸಿತು. ನಕ್ಕು ನಕ್ಕು ಆಮೇಲೆ ಕೇಳಿದರು, "ಹಾಗಾದ್ರೆ ನನ್ನ ತಲೇಲಿ ರಕ್ತ ಇದ್ದದ್ದೂ ಲೆಕ್ಕದ ತಪ್ಪೇನೋ?"

"ಇಲ್ಲ ದೊಡ್ಡಪ್ಪ, ತೂತು ಕೊರೆದಾಗ ರಕ್ತ ಬಂತಲ್ಲ, ಲೆಕ್ಕ ತಾಳೆಯಾಯ್ತು" ಅಂದೆ.

ಫಿಲ್ಮನ್ನು ಮಡಿಚದೆ, ಜೋಪಾನವಾಗಿ ಬೀರುವಿನಲ್ಲಿ ಮನೆ ಪತ್ರಗಳ ಜೊತೆ ಇಟ್ಟರು.