ಲಸಿಕೆ

ಸಂಸ್ಕೃತದ ‘ಲಸಿಕಾ’ ಆಯುರ್ವೇದದಲ್ಲಿ ಚರ್ಮದಡಿಯ ನೀರಿನಂಥ ದ್ರವದ ಹೆಸರು. ನಮ್ಮ ‘ಲಸಿಕೆ’ ಅದರ ತದ್ಭವ.

1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಾಲು ಕರೆಯುವವಳೊಬ್ಬಳ ಕೈಮೇಲೆ ಎದ್ದಿದ್ದ ಗೋವಿನ ಸಿಡುಬಿನ ಗುಳ್ಳೆಯಿಂದ ತೆಗೆದದ್ದೂ ದ್ರವವೇ. ಅದನ್ನು ಸಿಡುಬು ಬಾರದಿರಲೆಂದು ಎಂಟು ವರ್ಷದ ಹುಡುಗನ ತೋಳಿಗೆ ಗೀರಿ ಹಾಕಿದ. ಇಂಗ್ಲಿಷಿನವರಿಗೆ ಅಲ್ಲಿ ಕಂಡದ್ದು ಹಸು. ಲ್ಯಾಟಿನ್ನಿನಲ್ಲಿ ‘ವಕ್ಕಾ’ ಎಂದರೆ ಹಸು. ‘ವ್ಯಾಕ್ಸಿನ್’ ಅದರಿಂದಲೇ ಹುಟ್ಟಿತು. ಸಿಡುಬಿಗಷ್ಟೇ ಇದ್ದ ಆ ಹೆಸರನ್ನು 1881ರಲ್ಲಿ ಲೂಯಿ ಪಾಶ್ಚರ್ ಬೇರೆ ರೋಗಗಳಿಗೂ ಹಬ್ಬಿಸಿದ. (ಈಗ ಕಾಲುಬಾಯಿ ಜ್ವರಕ್ಕೆ ಹಸುವಿಗೇ ಲಸಿಕೆ. ಋಣ ತೀರಿದಂತಾಯಿತು!)

ಮೈಸೂರಿಗೆ ಸಿಡುಬಿನ ಲಸಿಕೆ ಬೇಗನೆ ಬಂತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ಅರಮನೆಯ ಹೆಂಗಸರ ಚಿತ್ರದಲ್ಲಿ ಒಬ್ಬರು ಸೆರಗು ಸರಿಸಿ ತೋಳು ತೋರುತ್ತಾರೆ. ಅದು ಲಸಿಕೆಯ ಪ್ರಚಾರಕ್ಕೇ ಎಂಬುದು ಇತಿಹಾಸಕಾರರೊಬ್ಬರ ವಾದ.

ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಯಲ್ಲಿ ಹಸುವೂ ಇಲ್ಲ, ರೋಗಾಣುವೂ ಇಲ್ಲ. ವೈರಸ್ಸಿನ ಒಂದು ಪ್ರೋಟೀನನ್ನು ಹೇಗೆ ತಯಾರಿಸಬೇಕೆಂಬ ಸೂಚನೆಯಷ್ಟೇ ಜೀವಕೋಶಕ್ಕೆ ಹೋಗುತ್ತದೆ. ಇದಕ್ಕೆ ದಾರಿ ಮಾಡಿದ ಕಟಲಿನ್ ಕರಿಕೊ, ಡ್ರೂ ವೈಸ್‌ಮನ್ ಇಬ್ಬರಿಗೂ 2023ರ ನೊಬೆಲ್ ಬಂತು. ಮೈಗೆ ಹೋಗುವುದು ಇವತ್ತಿಗೂ ದ್ರವವಾದ್ದರಿಂದ ಇಂಗ್ಲಿಷ್ ಪದಕ್ಕಿಂತ ನಮ್ಮದೇ ಹೆಚ್ಚು ಒಪ್ಪುತ್ತದೆ.

ಕೆಲವರು ಎಲ್ಲಕ್ಕೂ ‘ಚುಚ್ಚುಮದ್ದು’ ಎಂದು ಬರೆಯುತ್ತಾರೆ. ಬಾಯಿಗೆ ಹಾಕುವ ಪೋಲಿಯೊ ಹನಿಯಲ್ಲಿ ಚುಚ್ಚುವುದೇನಿದೆ? ‘ಲಸಿಕೆ’ ಎಂದೇ ಬರೆಯಿರಿ.