ಬ್ಲ್ಯಾಕ್ ಮೌಂಟನ್ ಕಾಲೇಜಿನ ವಿದ್ಯಾರ್ಥಿಜೀವನ

ಒಂದು ವಿದ್ಯಾಸಂಸ್ಥೆಯ ಹಿರಿಮೆಯನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುವುದುಂಟು: ಅದು ಎಷ್ಟು ಕಾಲ ಬಾಳಿತು? ಅದರ ಕಟ್ಟಡಗಳೆಂಥವು? ಅಲ್ಲಿ ಪದವಿ ಪಡೆದವರೆಷ್ಟು ಮಂದಿ? ಈ ಮೂರು ಅಳತೆಗಳಲ್ಲಿಯೂ ಸೋತು, ಆದರೂ ತನ್ನ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಕೊನೆಯವರೆಗೂ ಉಳಿದ ಒಂದು ಚಿಕ್ಕ ಕಾಲೇಜಿನ ವಿಚಾರವನ್ನು ಈ ಹೊತ್ತು ತಮ್ಮ ಮುಂದಿಡುತ್ತೇನೆ.

ಅಮೆರಿಕಾ ಸಂಯುಕ್ತ ಸಂಸ್ಥಾನದ ನಾರ್ತ್ ಕ್ಯಾರೊಲಿನಾ ಪ್ರಾಂತದ ಬೆಟ್ಟಗಳ ನಡುವೆ ಬ್ಲ್ಯಾಕ್ ಮೌಂಟನ್ ಎಂಬ ಊರಿದೆ. ಫ್ಲಾರಿಡಾದ ರಾಲಿನ್ಸ್ ಕಾಲೇಜಿನಿಂದ 1933ರಲ್ಲಿ ಉಚ್ಚಾಟಿತರಾದ ಜಾನ್ ಆಂಡ್ರ್ಯೂ ರೈಸ್ ಎಂಬ ಅಧ್ಯಾಪಕರು, ಕೆಲವರು ಸಹೋದ್ಯೋಗಿಗಳೊಡನೆಯೂ ತಮ್ಮನ್ನು ಬಿಡದೆ ಬಂದ ಶಿಷ್ಯರೊಡನೆಯೂ ಅದೇ ವರ್ಷ ಅಲ್ಲಿ ಹೊಸ ಕಾಲೇಜನ್ನು ತೆರೆದರು. ಕಟ್ಟಡಗಳು ಬಾಡಿಗೆಯವು, ಮೂಲಧನವೆಂಬುದು ಇರಲಿಲ್ಲ. ಆಡಳಿತವೆಲ್ಲ ಅಧ್ಯಾಪಕರ ಕೈಯಲ್ಲಿ. ಅವರ ಸಭೆಯಲ್ಲಿ ವಿದ್ಯಾರ್ಥಿಗಳಿಗೂ ಒಂದು ಸ್ಥಾನವಿದ್ದಿತು.

ಅಲ್ಲಿ ಕಡ್ಡಾಯದ ಪಾಠಗಳಿರಲಿಲ್ಲ. ಏನನ್ನು ಕಲಿಯಬೇಕು, ಪರೀಕ್ಷೆಗೆ ಯಾವಾಗ ನಿಲ್ಲಬೇಕು ಎಂಬುದನ್ನು ವಿದ್ಯಾರ್ಥಿಯೇ ನಿರ್ಣಯಿಸಬೇಕಾಗಿದ್ದಿತು. ಪದವಿಯ ಪರೀಕ್ಷೆಗೆ ಮಾತ್ರ ಹೊರಗಿನಿಂದ ವಿದ್ವಾಂಸರು ಬರುತ್ತಿದ್ದರು. ಗುರುಶಿಷ್ಯರು ಒಂದೇ ಪಂಕ್ತಿಯಲ್ಲಿ ಉಣ್ಣುವರು. ಹಗಲು ಹೊಲದಲ್ಲಿ ದುಡಿಯುವರು, ಸೌದೆ ಕಡಿಯುವರು. 1941ರಲ್ಲಿ ಕಾಲೇಜು ಈಡನ್ ಸರೋವರದ ತೀರಕ್ಕೆ ಹೋದಾಗ, ವ್ಯಾಸಂಗದ ಮಂದಿರವನ್ನು ಬಹುಮಟ್ಟಿಗೆ ಅವರೇ ಕಟ್ಟಿದರು.

ಈ ಸ್ವಾತಂತ್ರ್ಯವನ್ನು ಸ್ವೇಚ್ಛಾಚಾರವೆಂದು ಭ್ರಮಿಸಬಾರದು. ಜರ್ಮನಿಯ ಬೌಹೌಸ್ ಕಲಾಶಾಲೆ ನಾಟ್ಸಿಗಳ ಕಾಟದಿಂದ ಮುಚ್ಚಿದಾಗ ಇಲ್ಲಿಗೆ ಬಂದ ಯೋಸೆಫ್ ಆಲ್ಬರ್ಸ್ ಮಹಾ ಶಿಸ್ತಿನವರು. ಬಂದಾಗ ಅವರಿಗೆ ಇಂಗ್ಲಿಷು ಬಾರದು. ಎಲೆ, ಕಾಗದ, ತಂತಿ ಮುಂತಾದ ಅಲ್ಪವಸ್ತುಗಳನ್ನು ಕೈಗೆ ಕೊಟ್ಟು, ಕಣ್ಣಿದ್ದೂ ಕಾಣದವರಿಗೆ ಕಾಣಿಸುವುದೇ ಅವರ ಪಾಠ.

ಆ ಪಾಠದ ಫಲವನ್ನು ರೂತ್ ಅಸಾವಾ ಎಂಬಾಕೆಯ ಜೀವನದಲ್ಲಿ ಕಾಣಬಹುದು. ಜಪಾನೀ ವಂಶದ ಈ ರೈತರ ಮಗಳನ್ನು ಯುದ್ಧಕಾಲದಲ್ಲಿ, 1942ರಲ್ಲಿ, ಮನೆಯವರೊಡನೆ ಕುದುರೆಲಾಯದಲ್ಲಿ ಕೂಡಿಹಾಕಿದರು. ಮುಂದೆ ಉಪಾಧ್ಯಾಯಿನಿಯಾಗಲು ಓದಿದಾಗ, ಆಕೆಯ ಕುಲದ ಕಾರಣದಿಂದ ಬೋಧನೆಯ ಅಭ್ಯಾಸಕ್ಕೆ ಯಾವ ಶಾಲೆಯೂ ದೊರೆಯಲಿಲ್ಲ. 1946ರಲ್ಲಿ ಬ್ಲ್ಯಾಕ್ ಮೌಂಟನ್ ಆಕೆಯನ್ನು ಬರಮಾಡಿಕೊಂಡಿತು. ಅಗಸರ ಕೋಣೆಯಲ್ಲಿ ಬಟ್ಟೆಗೊತ್ತುವ ಮುದ್ರೆಯಿಂದಲೇ ಆಕೆ ಚಿತ್ರವನ್ನು ರಚಿಸಿದಳು. ಕರಿಯರಿಗೂ ಬಿಳಿಯರಿಗೂ ಪ್ರತ್ಯೇಕ ಶಾಲೆಗಳಿದ್ದ ಆ ಪ್ರಾಂತದಲ್ಲಿ, ಬಹಳ ವಾದವಿವಾದಗಳ ಮೇಲೆ 1944ರ ಬೇಸಗೆಯಲ್ಲಿ ಆಲ್ಮಾ ಸ್ಟೋನ್ ವಿಲಿಯಮ್ಸ್ ಎಂಬ ನೀಗ್ರೋ ವಿದ್ಯಾರ್ಥಿನಿಗೂ ಅಲ್ಲಿ ಪ್ರವೇಶ ದೊರೆತಿದ್ದಿತು.

ಸೋಲಿಗೂ ಅಲ್ಲಿ ಮರ್ಯಾದೆಯಿದ್ದಿತು. 1948ರಲ್ಲಿ ಬಕ್‌ಮಿನ್‌ಸ್ಟರ್ ಫುಲ್ಲರ್ ಕಿಟಕಿಪರದೆಯ ಪಟ್ಟಿಗಳಿಂದ ಒಂದು ಗುಮ್ಮಟವನ್ನು ಎಬ್ಬಿಸಲು ಹೊರಟರು. ಎಲ್ಲರೆದುರಿನಲ್ಲಿಯೇ ಅದು ಮೇಲೇಳದೆ ಮಲಗಿತು. ಮರುವರ್ಷ ಬೇರೆ ಸಾಮಗ್ರಿಯಿಂದ ಗುಮ್ಮಟ ನಿಂತಿತು.

ಆದರೆ ನ್ಯೂನತೆಗಳನ್ನು ಮುಚ್ಚಿಡಬಾರದು. ಎಲ್ಲರೂ ಒಡೆಯರಾದ ಮನೆಯಲ್ಲಿ ಜಗಳಗಳು ತಪ್ಪಲಿಲ್ಲ. ಸಂಸ್ಥಾಪಕ ರೈಸರೇ 1940ರಲ್ಲಿ ಬಿಟ್ಟುಹೋಗಬೇಕಾಯಿತು. ಆಲ್ಬರ್ಸರು 1949ರಲ್ಲಿ ಹೊರಟರು. ಹಣದ ಅಭಾವ ಎಂದೂ ತೀರಲಿಲ್ಲ. 1957ರಲ್ಲಿ ಕಾಲೇಜು ಮುಚ್ಚಿತು. ಜಮೀನನ್ನು ಮಾರಿ ಸಾಲ ತೀರಿಸಿದರು. 24 ವರ್ಷಗಳಲ್ಲಿ ಬಂದು ಹೋದವರು ಸುಮಾರು 1,200 ಮಂದಿ; ಪದವಿ ಪಡೆದವರು 60ರ ಆಸುಪಾಸು.

ಇದನ್ನು ಸೋಲೆನ್ನಬೇಕೆ? ತಂತಿಯ ಶಿಲ್ಪಗಳಿಂದ ಹೆಸರಾದ ಅಸಾವಾ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಶಾಲೆಯೊಂದರಲ್ಲಿ ಮಕ್ಕಳಿಗಾಗಿ ಕಲಾಕಾರ್ಯಾಗಾರವನ್ನು ಆರಂಭಿಸಲು ಕಾರಣಳಾದಳು. 2010ರಲ್ಲಿ ಅಲ್ಲಿಯ ಸಾರ್ವಜನಿಕ ಕಲಾಶಾಲೆಗೆ ಆಕೆಯ ಹೆಸರನ್ನೇ ಇಟ್ಟರು. ಬೋಧಿಸಲು ಒಂದು ತರಗತಿಯೂ ಸಿಗದಿದ್ದವಳಿಗೆ ಸಂದ ಗೌರವವಿದು. ಪರೀಕ್ಷೆಯ ಫಲಿತಾಂಶಗಳನ್ನೇ ವಿದ್ಯೆಯ ಫಲವೆಂದೆಣಿಸುವ ನಾವು, ಕಾಲೇಜು ಮುಚ್ಚಿ ಅರ್ಧಶತಮಾನ ಕಳೆದ ಮೇಲೆ ಕಾಣಿಸಿಕೊಂಡ ಈ ಫಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಲೇಸು.