ನಾಯಿಯ ತಟ್ಟೆಯಲ್ಲಿ ಶಕ್ತಿ ಸಂರಕ್ಷಣಾ ನಿಯಮ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಮನೆಗಳಿಗೆ ನೀವು ಹೋಗಿದ್ದರೆ, ಅಂಗಳದಲ್ಲಿ ಮೊದಲು ಎದುರುಗೊಳ್ಳುವುದು ನಾಯಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಗುತ್ತಿಯ ಜೊತೆಗಿನ ಹುಲಿಯ ನೆನಪಾದೀತು. ಹಿಂದೆ ಮಲೆನಾಡಿನ ನಾಯಿಗೆ ಉಳಿದ ಅನ್ನ, ಮಜ್ಜಿಗೆಯೇ ಊಟ. ಮಂಗ ಓಡಿಸುವುದು, ದನದ ಹಿಂದೆ ಅಲೆಯುವುದು ಅದರ ಕೆಲಸ. ಈಗ ಅನೇಕ ಮನೆಗಳಲ್ಲಿ ಜಗಲಿಯ ಮೇಲೆ ಲ್ಯಾಬ್ರಡಾರ್ ಮಲಗಿರುತ್ತದೆ. ಊಟ ಹಾಗೆಯೇ ಉಳಿಯಿತು, ಅಲೆದಾಟ ಹೋಯಿತು. ನಾಯಿ ದಪ್ಪಗಾಯಿತು.

ಇದು ಏಕೆಂದು ತಿಳಿಯಲು ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಜಲಾಶಯವನ್ನು ನೆನೆದರೆ ಸಾಕು. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ಒಳಹರಿವು, ಹೊರಹರಿವು ಓದುತ್ತೀರಲ್ಲ? ಒಳಹರಿವು ಹೆಚ್ಚಾದರೆ ಮಟ್ಟ ಏರುತ್ತದೆ. ನಾಯಿಯ ದೇಹದಲ್ಲಿ ಹೀಗೆ ಏರುವುದು ಕೊಬ್ಬು.

ಸರಳವಾಗಿ ಕಾಣುವ ಈ ಮಾತನ್ನು ಪ್ರಯೋಗದಿಂದ ತೋರಿಸಲು ನೂರು ವರ್ಷಗಳೇ ಹಿಡಿದವು. ಲವಾಸಿಯೆ ಮತ್ತು ಲಾಪ್ಲಾಸ್ 1783ರ ಹೊತ್ತಿಗೆ ಗಿನಿ ಇಲಿಯೊಂದನ್ನು ಮಂಜುಗಡ್ಡೆಯ ನಡುವೆ ಇರಿಸಿ, ಕರಗಿದ ನೀರನ್ನು ಅಳೆದು, ಉಸಿರಾಟವೂ ಒಂದು ಬಗೆಯ ದಹನವೆಂದರು. ಮುಂದಿನ ದೊಡ್ಡ ಹೆಜ್ಜೆಯಲ್ಲಿ ನಾಯಿಯೇ ಪಾತ್ರಧಾರಿ. ಜರ್ಮನಿಯ ಮ್ಯಾಕ್ಸ್ ರೂಬ್ನರ್ 1883ರಲ್ಲಿ ಸುಮಾರು 3ರಿಂದ 31 ಕಿಲೋಗ್ರಾಂ ತೂಕದ ನಾಯಿಗಳನ್ನು ಹೋಲಿಸಿ, ಚಿಕ್ಕ ನಾಯಿ ಪ್ರತಿ ಕಿಲೋಗ್ರಾಂಗೆ ಹೆಚ್ಚು ಶಕ್ತಿ ವ್ಯಯಿಸುತ್ತದೆ ಎಂದು ಕಂಡುಕೊಂಡರು. 1894ರಲ್ಲಿ ನಾಯಿಯನ್ನು ಉಷ್ಣಮಾಪಕದ ಕೋಣೆಯಲ್ಲಿಟ್ಟು ಅದು ಹೊರಸೂಸಿದ ಶಾಖವನ್ನು ಅಳೆದರು. ಆಹಾರದಿಂದ ಬಂದ ಶಕ್ತಿಯ ಲೆಕ್ಕಕ್ಕೂ ಈ ಶಾಖಕ್ಕೂ ಇದ್ದ ವ್ಯತ್ಯಾಸ ಒಟ್ಟಾರೆ ಶೇಕಡಾ ಒಂದಕ್ಕಿಂತ ಕಡಿಮೆ! ಶಕ್ತಿ ಸಂರಕ್ಷಣಾ ನಿಯಮ ಜೀವಿಗಳಿಗೂ ಅನ್ವಯಿಸುತ್ತದೆ ಎಂಬುದಕ್ಕೆ ಇಷ್ಟು ಗಟ್ಟಿ ಸಾಕ್ಷ್ಯ ಒದಗಿಸಿದ್ದು ಒಂದು ನಾಯಿ ಎಂಬುದನ್ನು ನಮ್ಮ ಭೌತಶಾಸ್ತ್ರದ ಪಠ್ಯಗಳು ಹೇಳುವುದಿಲ್ಲ.

ಶಾಖ ಹೊರಹೋಗುವುದು ಚರ್ಮದಿಂದ, ಆದ್ದರಿಂದ ಶಕ್ತಿವ್ಯಯ ಮೇಲ್ಮೈ ವಿಸ್ತೀರ್ಣವನ್ನು ಅವಲಂಬಿಸುತ್ತದೆ ಎಂಬುದು ರೂಬ್ನರ್ ವಾದ. ಅಂದರೆ ತೂಕದ 2/3 ಘಾತ. ಕ್ಯಾಲಿಫೋರ್ನಿಯದ ಡೇವಿಸ್‌ನಲ್ಲಿದ್ದ ಮ್ಯಾಕ್ಸ್ ಕ್ಲೈಬರ್ 1932ರಲ್ಲಿ ಇಲಿಯಿಂದ ಎತ್ತಿನವರೆಗಿನ ಅಳತೆಗಳನ್ನು ಒಟ್ಟುಗೂಡಿಸಿದಾಗ 3/4 ಘಾತ ಹೆಚ್ಚು ಹೊಂದಿತು. ಈ ಘಾತ ಏಕೆ ಎಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಪಶುವೈದ್ಯರು ಇಂದಿಗೂ ಬಳಸುವುದು ಇದನ್ನೇ: ವಿಶ್ರಾಂತಿಯಲ್ಲಿ ದಿನಕ್ಕೆ ಬೇಕಾದ ಕಿಲೋಕ್ಯಾಲರಿ = 70 × (ತೂಕ)ನ 3/4 ಘಾತ.

ನೀವೇ ಲೆಕ್ಕ ಹಾಕಿ. ತೂಕದ ಘನ ತೆಗೆದು ಎರಡು ಬಾರಿ ವರ್ಗಮೂಲ ಒತ್ತಿದರೆ ಆಯಿತು. 20 ಕಿಲೋಗ್ರಾಂ ನಾಯಿಗೆ ಸುಮಾರು 660 ಕಿಲೋಕ್ಯಾಲರಿ. 40 ಕಿಲೋಗ್ರಾಂ ನಾಯಿಗೆ ಅದರ ಎರಡರಷ್ಟಲ್ಲ, ಸುಮಾರು 1110. ಸಾಧಾರಣ ಓಡಾಟವಿರುವ ಸಾಕುನಾಯಿಗೆ ಇದರ ಒಂದೂವರೆ ಪಟ್ಟು ಅಥವಾ ತುಸು ಹೆಚ್ಚು ಬೇಕು. ತೂಕ ಇಳಿಸಬೇಕಾದರೆ ಈಗಿನ ತೂಕಕ್ಕಲ್ಲ, ಇರಬೇಕಾದ ತೂಕಕ್ಕೆ ಲೆಕ್ಕ ಹಾಕಬೇಕು. ಇಲ್ಲೇ ಹಲವರು ತಪ್ಪುವುದು.

ಅನ್ನವನ್ನು ದೂರಬೇಕಿಲ್ಲ. ತೋಳಕ್ಕಿಂತ ನಾಯಿ ಪಿಷ್ಟವನ್ನು ಚೆನ್ನಾಗಿ ಅರಗಿಸಿಕೊಳ್ಳುತ್ತದೆ ಎಂದು ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಜೀನ್‌ಗಳ ಮೂಲಕವೇ ತೋರಿಸಿದ್ದಾರೆ. ಅನ್ನವೊಂದೇ ಸಾಲದು, ಪ್ರೋಟೀನೂ ಬೇಕು ಎಂಬುದು ಬೇರೆ ಮಾತು. 100 ಗ್ರಾಂ ಅನ್ನದಲ್ಲಿ ಸುಮಾರು 130 ಕಿಲೋಕ್ಯಾಲರಿ. ಒಂದು ಚಮಚ ತುಪ್ಪದಲ್ಲಿ 45. ಐದು ಗ್ರಾಂನ ಬಿಸ್ಕತ್ತಿನಲ್ಲಿ ಸುಮಾರು 22. ಮನೆಯ ಐವರೂ ಕಾಫಿಯ ಹೊತ್ತಿಗೆ ಎರಡೆರಡು ಬಿಸ್ಕತ್ತು ಎಸೆದರೆ, 20 ಕಿಲೋಗ್ರಾಂ ನಾಯಿಯ ವಿಶ್ರಾಂತಿ ಶಕ್ತಿಯ ಮೂರನೇ ಒಂದು ಪಾಲು ಅಲ್ಲಿಗೇ ಸಂದಿತು! ನಮ್ಮ ಮನೆಯಲ್ಲೂ ಇದೇ ನಡೆಯುತ್ತಿತ್ತು. ಪ್ರತಿಯೊಬ್ಬರೂ ‘ನಾನು ಹಾಕಿದ್ದು ಎರಡೇ’ ಎನ್ನುತ್ತಿದ್ದರು, ಯಾರದ್ದೂ ಸುಳ್ಳಲ್ಲ. ಇಂಥ ತಿಂಡಿ ದಿನದ ಶಕ್ತಿಯ ಶೇಕಡಾ 10 ಮೀರಬಾರದು ಎನ್ನುತ್ತಾರೆ ಪಶುವೈದ್ಯರು. ಊಟವನ್ನೂ ಸೌಟಿನ ಅಂದಾಜಿನಲ್ಲಿ ಹಾಕದೆ ತಕ್ಕಡಿಯಲ್ಲಿ ತೂಗಿ ಹಾಕುವುದು ಒಳ್ಳೆಯದು.

ಇಷ್ಟೆಲ್ಲ ಏಕೆ ಎನ್ನುತ್ತೀರಾ? ಅಮೆರಿಕದಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು 24 ಜೋಡಿಗಳಾಗಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇಕಡಾ 25ರಷ್ಟು ಕಡಿಮೆ ಆಹಾರವನ್ನು ಜೀವನಪೂರ್ತಿ ಕೊಟ್ಟರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಹೆಚ್ಚು ತಿಂದವುಗಳ ಮಧ್ಯಕ ಆಯುಷ್ಯ 11.2 ವರ್ಷ, ಕಡಿಮೆ ತಿಂದವುಗಳದ್ದು 13. ಕೀಲುನೋವೂ ಇವಕ್ಕೆ ತಡವಾಗಿ ಬಂತು. ಈ ಪ್ರಯೋಗ ನಡೆಸಿದ್ದು ನಾಯಿ ಆಹಾರ ಮಾರುವ ಪ್ಯೂರಿನಾ ಕಂಪನಿಯೇ ಎಂಬುದು ಸ್ವಾರಸ್ಯ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಹಸಿವು ಹೆಚ್ಚಿಸುವ ಜೀನ್ ವ್ಯತ್ಯಯ ಇದೆಯೆಂದು 2016ರಲ್ಲಿ ತಿಳಿಯಿತು. ಆದ್ದರಿಂದ ಅದು ಬೇಡುವ ಕಣ್ಣುಗಳಿಂದ ನೋಡಿತೆಂದರೆ ಹೊಟ್ಟೆ ಖಾಲಿ ಎಂದು ಅರ್ಥವಲ್ಲ.

ನಾಯಿಯ ತೂಕ ನೋಡಲು ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಪಕ್ಕೆಲುಬು ಬೆರಳಿಗೆ ಸುಲಭವಾಗಿ ಸಿಗುತ್ತದೆಯೇ ಎಂದೂ ನೋಡಿ. ಸಿಗದಿದ್ದರೆ ಪಶುವೈದ್ಯರಿಗೆ ತೋರಿಸಿ, ವಾರಕ್ಕೆ ದೇಹತೂಕದ ಶೇಕಡಾ 1ರಿಂದ 2ರಷ್ಟು ಮಾತ್ರ ಇಳಿಯುವಂತೆ ಆಹಾರ ತಗ್ಗಿಸಿ. ಎರಡು ವಾರಕ್ಕೊಮ್ಮೆ ಮತ್ತೆ ತೂಗಿ, ಗ್ರಾಫ್ ಹಾಳೆಯಲ್ಲಿ ಗುರುತಿಸಿ.